ಹಿರಿಯರ ಒಡನಾಟ ಹೇಗಿದೆ? ಮೊಬೈಲ್ ನೆರವಿನಿಂದ ತಿಳಿಯುವ ಬಗೆ

ಹಿರಿಯರನ್ನು ‘ಹೇಗಿದ್ದೀರಿ’ ಎಂದು ಕೇಳಿದರೆ ‘ನನಗೇನು, ಚೆನ್ನಾಗಿದ್ದೀನಿ’ ಎಂಬ ಉತ್ತರ ತಯಾರಾಗಿರುತ್ತದೆ. ಮಕ್ಕಳಿಗೆ ಯಾಕೆ ತೊಂದರೆ ಎಂಬ ಮನಸ್ಸು ಅವರದು. ಅವರು ಬಾಯಿ ಬಿಟ್ಟು ಹೇಳದ ಕೆಲವು ಸಂಗತಿಗಳ ಸುಳಿವು ಅವರ ಮೊಬೈಲ್‌ನಲ್ಲಿ ಸಿಗುತ್ತದೆ. ಆದರೆ ಅದನ್ನು ನೋಡುವುದಕ್ಕೂ ಒಂದು ಕ್ರಮ ಇದೆ.

ಮೊದಲು ಕೇಳಿ, ಆಮೇಲೆ ನೋಡಿ

ಕದ್ದು ನೋಡುವುದು ಬೇಡವೇ ಬೇಡ. ಏನನ್ನು ನೋಡುತ್ತೀರಿ, ಯಾಕೆ, ಮನೆಯಲ್ಲಿ ಮತ್ತ್ಯಾರು ನೋಡುತ್ತಾರೆ ಎಂದು ಬಿಡಿಸಿ ಹೇಳಿ. ಅವರು ‘ಸಾಕು’ ಅಂದ ದಿನ ನಿಲ್ಲಿಸಿ. ಮೆಸೇಜ್ ಓದುವುದು, ಮಾತು ರೆಕಾರ್ಡ್ ಮಾಡುವುದು ಈ ಕೆಲಸಕ್ಕೆ ಬೇಕಾಗಿಯೇ ಇಲ್ಲ. ಮರೆವಿನ ಕಾಯಿಲೆ ಇರುವವರಾದರೆ ಒಂದು ಸಲ ಒಪ್ಪಿದ್ದು ಸಾಲದು. ಪ್ರತಿ ಸಲವೂ ನೆನಪಿಸಿ ಕೇಳಿ.

ಬಳಗದ ಚಿತ್ರ ಬರೆಸಿ

ಒಂದು ಹಾಳೆಯ ನಡುವೆ ಅವರ ಹೆಸರು ಬರೆದು ಸುತ್ತಲೂ ಮೂರು ವೃತ್ತ ಎಳೆಯಿರಿ. ಬಿಟ್ಟಿರಲಾರದಷ್ಟು ಆಪ್ತರು ಒಳಗಿನ ವೃತ್ತಕ್ಕೆ. ಆಮೇಲಿನವರು ಹೊರಗಿನ ಎರಡಕ್ಕೆ. 1980ರಲ್ಲಿ ರಾಬರ್ಟ್ ಕಾನ್ ಮತ್ತು ಟೋನಿ ಆಂಟೊನುಚಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮುಂದಿಟ್ಟ ವಿಧಾನ ಇದು. ಸಂಶೋಧಕರು ಈಗಲೂ ಇದನ್ನು ಬಳಸುತ್ತಾರೆ. ಹೆಸರು ತುಂಬುವವರು ಅವರೇ ಆಗಿರಲಿ. ನಿಮ್ಮ ಹೆಸರು ಎಲ್ಲಿ ಬಂತು ಎಂದು ಇಣುಕಬೇಡಿ.

ಹೆಸರು ಕಡಿಮೆ ಇದ್ದರೆ ಗಾಬರಿ ಬೇಡ. ವಯಸ್ಸಾದಂತೆ ಎಷ್ಟೋ ಜನ ಪರಿಚಯಗಳನ್ನು ತಾವೇ ಕಡಿಮೆ ಮಾಡಿಕೊಂಡು ಹತ್ತಿರದವರಿಗೆ ಜಾಸ್ತಿ ಹೊತ್ತು ಕೊಡುತ್ತಾರೆ. ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ.

ಕಾಲ್ ಪಟ್ಟಿ ನೋಡುವುದು ಹೀಗೆ

ಒಟ್ಟು ಎಷ್ಟು ಕರೆ ಬಂತು ಎಂದು ಎಣಿಸಿ ಪ್ರಯೋಜನ ಇಲ್ಲ. ಅದರಲ್ಲಿ ಬ್ಯಾಂಕಿನವರು, ಡೆಲಿವರಿಯವರು, ಸಾಲ ಬೇಕಾ ಎಂದು ಕೇಳುವವರೆಲ್ಲ ಸೇರಿರುತ್ತಾರೆ. ಅವರನ್ನು ತೆಗೆದುಹಾಕಿ. ಉಳಿದ ಹೆಸರುಗಳನ್ನು ವೃತ್ತದ ಹಾಳೆಯ ಪಕ್ಕ ಇಟ್ಟು ನೋಡಿ. ಒಳಗಿನ ವೃತ್ತದಲ್ಲಿದ್ದೂ ತಿಂಗಳಿಂದ ಪಟ್ಟಿಯಲ್ಲೇ ಕಾಣದವರು ಯಾರು?

ಆಮೇಲೆ ಕರೆಯ ಉದ್ದ ನೋಡಿ. ಹಳೆಯ ಗೆಳತಿಯ ಜೊತೆ ಅರ್ಧ ಗಂಟೆ ನಡೆಯುತ್ತಿದ್ದ ಮಾತು ಈಗ ‘ಹ್ಞಾಂ, ಸರಿ, ಇಡ್ತೀನಿ’ ಎಂದು ಒಂದೇ ನಿಮಿಷಕ್ಕೆ ಮುಗಿಯುತ್ತಿದೆ ಅಂದುಕೊಳ್ಳಿ. ಜಗಳ ಆಯಿತೇನೋ ಎಂದು ಊಹಿಸುವ ಮುನ್ನ ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದವರಿಗೆ ಫೋನಿನ ಮಾತು ಬಲು ಕಷ್ಟ. ಎದುರಿಗಿರುವವರ ತುಟಿ ಕಾಣುವುದಿಲ್ಲ ಅಲ್ವಾ? ‘ಏನು, ಏನು’ ಎಂದು ಕೇಳಲು ಸಂಕೋಚವಾಗಿ ಕರೆಯನ್ನೇ ಬಿಟ್ಟುಬಿಡುತ್ತಾರೆ. ಅಂಥವರಿಗೆ ವಿಡಿಯೊ ಕರೆ ಹೊಂದಬಹುದು. ಬೇಕಾದರೆ ಶ್ರವಣ ಸಾಧನ ಹಾಕಿಸಿ.

ಹೆಜ್ಜೆ ಎಣಿಸುವ ಆ್ಯಪ್ ಇದ್ದರೆ ಅದನ್ನೂ ನೋಡಬಹುದು. ಬೇರೆಯವರ ಲೆಕ್ಕಕ್ಕೆ ಹೋಲಿಸದೆ ಅವರದೇ ಹಿಂದಿನ ವಾರಗಳಿಗೆ ಹೋಲಿಸಿ. ಒಂದೆರಡು ದಿನದ ಏರಿಳಿತಕ್ಕೆ ಅರ್ಥ ಹುಡುಕಬೇಡಿ.

ಐದು ಪ್ರಶ್ನೆ

ಮನಸ್ಸಿನ ನೆಮ್ಮದಿ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ ಇದೆ. 1998ರಲ್ಲಿ ಬಂದದ್ದು, ‘ಡಬ್ಲ್ಯುಎಚ್‌ಒ-5’ ಎಂದು ಹೆಸರು. ಕಳೆದ ಎರಡು ವಾರ ಮನಸ್ಸು ಖುಷಿಯಾಗಿತ್ತಾ, ನೆಮ್ಮದಿ ಇತ್ತಾ, ಲವಲವಿಕೆ ಇತ್ತಾ, ಎದ್ದಾಗ ದಣಿವು ಕಳೆದಂತೆ ಅನಿಸಿತಾ, ದಿನಗಳಲ್ಲಿ ಮನಸ್ಸಿಗೆ ಹಿಡಿಸುವಂಥದ್ದು ಇತ್ತಾ. ಒಂದೊಂದಕ್ಕೂ 0ಯಿಂದ 5 ಅಂಕ. ಕೂಡಿ 4ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಎಂದು ಸಿಗುತ್ತದೆ. 50ಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತೋರಿಸಿ. ಇದರಿಂದಲೇ ಖಿನ್ನತೆ ಇದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಆದರೆ ಬದುಕೇ ಬೇಡ ಎಂಬ ಮಾತು ಬಂದರೆ ಅಂಕ ನೋಡುತ್ತಾ ಕೂರಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಒಂದು ಆನ್‌ಲೈನ್ ಫಾರ್ಮ್ ಮಾಡಿ, ಅಕ್ಷರ ದೊಡ್ಡದಿಟ್ಟು, ತಿಂಗಳಿಗೊಮ್ಮೆ ಕಳಿಸಿದರೆ ಸಾಕು. ದಿನಾ ಕಳಿಸಿದರೆ ಬೇಸರವಾಗಿ ಸುಮ್ನೆ ಏನೋ ಒತ್ತಿಬಿಡುತ್ತಾರೆ.

ಕೊನೆಗೆ ಹಾಳೆ, ಪಟ್ಟಿ, ಅಂಕ ಮೂರನ್ನೂ ಅವರ ಮುಂದೆಯೇ ಇಟ್ಟು ಕೂತುಕೊಳ್ಳಿ. ‘ನೀವು ಯಾರ ಜೊತೆಯೂ ಮಾತಾಡ್ತಾ ಇಲ್ಲ’ ಎಂದು ಆಪಾದನೆ ಹೊರಿಸಬೇಡಿ. ಪಟ್ಟಿಯಿಂದ ಮರೆಯಾದ ಒಂದು ಹೆಸರು ತೋರಿಸಿ, ‘ಇವರು ಈಗ ಹೇಗಿದ್ದಾರೆ?’ ಎಂದು ಕೇಳಿ. ಮಾತು ಅಲ್ಲಿಂದ ಮುಂದುವರಿದು, ಅವರಿಗೂ ಮನಸ್ಸಿದ್ದರೆ, ಆ ನಂಬರ್‌ಗೆ ಆಗಲೇ ಕರೆ ಹಚ್ಚಿಕೊಡಿ.