ಮಾಸ್ಟ್ ತೊಳೆಯಿರಿ, ಬೆಳಗಬೇಡಿ

ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮರೀನಾದಲ್ಲಿ (ದೋಣಿ ಕಟ್ಟುವ ಸಣ್ಣ ಬಂದರು) ನಮ್ಮದೊಂದು ಹಳೆಯ 22 ಅಡಿ ಹಾಯಿದೋಣಿ ಇದೆ. ಗೆಳೆಯನ ಜೊತೆ ಪಾಲು, ಕೆಲಸ ಮಾತ್ರ ಜಾಸ್ತಿ ನನ್ನದೇ. ಅದರ ಮಾಸ್ಟ್ (ಹಾಯಿ ಕಟ್ಟುವ ಎತ್ತರದ ಕಂಬ), ಬೂಮ್ (ಹಾಯಿಯ ಕೆಳ ಅಂಚಿನ ಅಡ್ಡ ಕೋಲು) ಎರಡೂ ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಕೊಂಡ ವರ್ಷ ಬೂಮ್ ಮಂಕಾಗಿದೆ ಅಂತ ಸ್ಟೀಲ್ ವುಲ್ ಹಿಡಿದು ತಿಕ್ಕಿದೆ. ಬೂದಿ, ಹುಣಸೆಹಣ್ಣು ಹಾಕಿ ಪಾತ್ರೆ ಬೆಳಗುವ ಮನೆಯಲ್ಲಿ ಬೆಳೆದವನು ಅಲ್ವಾ! ಸ್ವಲ್ಪ ದಿನ ಫಳಫಳ ಅಂದಿತು. ಮುಂದಿನ ಬೇಸಿಗೆಗೆ ತಿಕ್ಕಿದ ಕಡೆಯೆಲ್ಲ ಬಿಳಿ ಪುಡಿ, ಸಣ್ಣ ಸಣ್ಣ ಗುಳಿ.

ಅನೋಡೈಸ್ ಮಾಡುವಾಗ ಅಲ್ಯೂಮಿನಿಯಮನ್ನು ಆಸಿಡ್‌ನಲ್ಲಿ ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಲೋಹದ ಮೈಯೇ ಗಟ್ಟಿ ಆಕ್ಸೈಡ್ ಪದರವಾಗುತ್ತದೆ. ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್, ತಲೆಕೂದಲಿಗಿಂತ ತೆಳು. ನಾನು ಕೊಳೆ ಅಂದುಕೊಂಡು ಕಿತ್ತದ್ದು ಇದನ್ನೇ. ಒಮ್ಮೆ ಹೋದರೆ ದೋಣಿಯ ಮೇಲೆ ಮತ್ತೆ ಹಾಕಲು ಆಗುವುದಿಲ್ಲ.

ಈ ಪದರಕ್ಕೆ ಜೋರು ಆಸಿಡ್ಡೂ ಆಗದು, ಕ್ಷಾರವೂ ಆಗದು. ಮನೆಯ ಹಾರ್ಡ್ ಅನೋಡೈಸ್ಡ್ ಕುಕ್ಕರನ್ನು ಡಿಶ್‌ವಾಶರ್‌ಗೆ ಹಾಕಬೇಡಿ ಅನ್ನುತ್ತಾರಲ್ಲ, ಅದೇ ಕಾರಣ. ವಾಷಿಂಗ್ ಸೋಡಾ, ಓವನ್ ಕ್ಲೀನರ್, ತುಕ್ಕು ತೆಗೆಯುವ ಆಸಿಡ್ ಮಾಸ್ಟ್ ಹತ್ತಿರವೂ ಬರಬಾರದು.

ಇಲ್ಲಿ ಬೇಸಿಗೆಯಿಡೀ ಮಳೆ ಇಲ್ಲ. ಮಧ್ಯಾಹ್ನವಾದರೆ ಗೋಲ್ಡನ್ ಗೇಟ್ ಕಡೆಯಿಂದ ಜೋರು ಗಾಳಿ. ಉಪ್ಪು ಕೂರುತ್ತಲೇ ಇರುತ್ತದೆ, ತೊಳೆಯುವವರು ನಾವೇ. ಅದಕ್ಕೆ ದೋಣಿ ಕಟ್ಟಿದ ಕೂಡಲೇ ಪೈಪ್ ಹಿಡಿದು ಸಿಹಿನೀರು ಬಿಡುತ್ತೇನೆ. ಗೂಸ್‌ನೆಕ್ (ಬೂಮ್ ಮಾಸ್ಟಿಗೆ ಸೇರುವ ಕೀಲು), ಮಾಸ್ಟ್ ಬುಡ, ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ) ಕೆಳಗಿನ ಸಂದಿಗಳಿಗೆ ಜಾಸ್ತಿ ನೀರು. ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಬಕೆಟ್ ನೀರು, ಮೆತ್ತಗಿನ ಸ್ಪಂಜು. ಉಪ್ಪು ಗಟ್ಟಿಯಾಗಿ ಕಚ್ಚಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿ, ಕೆಲವೇ ನಿಮಿಷದಲ್ಲಿ ತೊಳೆದುಬಿಡಿ. ಒಣಗಿದ ಮೇಲೆ ವರ್ಷಕ್ಕೆರಡು ಸಲ ಕಾರಿನ ಮೇಣ. ಉಜ್ಜಿ ಹೊಳಪು ಕೊಡುವ ಪಾಲಿಶ್ ಅಲ್ಲ, ಸುಮ್ನೆ ಮೇಣ. ಡಬ್ಬಿ ಓದಿ ಕೊಳ್ಳಿ.

ನಿಜವಾದ ತೊಂದರೆ ಸ್ಕ್ರೂಗಳದ್ದು. ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ, ನಡುವೆ ಉಪ್ಪುನೀರು: ಸಣ್ಣದೊಂದು ಬ್ಯಾಟರಿಯೇ ಆಯಿತು. ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂ ಸುತ್ತ ಬಿಳಿ ಗುಳ್ಳೆ ಎದ್ದರೆ ಕಾಯಬೇಡಿ. ನಾನು ಚಳಿಗಾಲದಲ್ಲಿ ಒಂದೊಂದನ್ನೇ ಬಿಚ್ಚಿ, ನೈಲಾನ್ ಬ್ರಶ್‌ನಲ್ಲಿ ಪುಡಿ ತೆಗೆದು, ಟೆಫ್-ಜೆಲ್ (ಎರಡು ಲೋಹದ ನಡುವೆ ಉಪ್ಪುನೀರು ಸೇರದಂತೆ ತಡೆಯುವ ಅಂಟು ಜೆಲ್) ಹಚ್ಚಿ ತಿರುಗಿಸುತ್ತೇನೆ. ಎಲ್ಲವನ್ನೂ ಒಟ್ಟಿಗೆ ಬಿಚ್ಚಲು ಹೋಗಬೇಡಿ, ಯಾವ ಸ್ಕ್ರೂ ಯಾವ ತೂತಿನದು ಅಂತ ಹುಡುಕುತ್ತಾ ಒಂದು ಭಾನುವಾರ ಕಳೆದಿದ್ದೇನೆ.

ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹತ್ತದಂತೆ ಬಳಿಯುವ ತಾಮ್ರ ಇರುವ ಆ್ಯಂಟಿಫೌಲಿಂಗ್ ಬಣ್ಣದ ಹನಿ ಅಲ್ಯೂಮಿನಿಯಂ ಮೇಲೆ ಬಿದ್ದರೆ ತಕ್ಷಣ ಒರೆಸಿ. ಹಾಯಿ ಮೇಲೇರಿಸುವ ಹ್ಯಾಲ್ಯಾರ್ಡ್ ಹಗ್ಗಗಳು ಗಾಳಿಗೆ ಮಾಸ್ಟಿಗೆ ಬಡಿದು ಬಡಿದು ಪದರ ಸವೆಸುತ್ತವೆ, ಬಂಜಿಯಲ್ಲಿ (ರಬ್ಬರ್ ಹಗ್ಗ) ಆಚೆ ಎಳೆದು ಕಟ್ಟಿ. ಮಾಸ್ಟ್ ಬುಡದ ನೀರು ಹೋಗುವ ತೂತಿಗೆ ಆಗಾಗ ಕಡ್ಡಿ ಹಾಕಿ ನೋಡಿ.

ಬೂಮ್? ಬಿಳಿ ಪುಡಿ ತೆಗೆದು, ಎಚ್ ಪ್ರೈಮರ್ (ಲೋಹಕ್ಕೆ ಬಣ್ಣ ಕಚ್ಚಿಕೊಳ್ಳಲು ಮೊದಲು ಬಳಿಯುವ ಪದರ) ಬಳಿದು, ಮೇಲೆ ಬೂದು ಬಣ್ಣ ಹೊಡೆದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು.