ಕಾಲಿನ ಕೆಸರು ಹೇಳಿದ ಸುಳ್ಳು

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹೋಗುವವರ ಕಣ್ಣೆಲ್ಲ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಮೇಲೆಯೇ ಇರುತ್ತದೆ. ನಾನೂ ಮೊದಲೆರಡು ವರ್ಷ ಹಾಗೆಯೇ ನೋಡಿ ಬಂದವನು. ಅಂಚಿನ ಕೆಸರಿನಲ್ಲಿ ಹಿಂಬದಿ ಕುಣಿಸುತ್ತ ಓಡಾಡುವ, ಮೈನಾಗಿಂತ ತುಸು ಚಿಕ್ಕದಾದ, ಉದ್ದ ಕಾಲಿನ ಕಂದು ಹಕ್ಕಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ‘ಗದ್ದೆಗೊರವ’ ಎಂದಷ್ಟೇ ಬರೆದುಕೊಳ್ಳುತ್ತಿದ್ದೆ.

ಉತ್ತರದ ದೇಶಗಳಲ್ಲಿ ಮರಿ ಮಾಡಿ ನಮ್ಮ ಕೆರೆಗಳಿಗೆ ವಲಸೆ ಬರುವ ಗದ್ದೆಗೊರವಗಳಲ್ಲಿ ಸಾಮಾನ್ಯ ಗದ್ದೆಗೊರವವನ್ನು ಗುರುತಿಸುವುದು ಸುಲಭ. ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದತ್ತ ಏರಿರುತ್ತದೆ. ಹಾರುವಾಗ ರೆಕ್ಕೆಯನ್ನು ಬಿಗಿಯಾಗಿ ನಡುಗಿಸುತ್ತ ನೀರಿಗೆ ತಾಗಿದಂತೆ ಸಾಗುತ್ತದೆ. ತೊಡಕಿರುವುದು ಹಸಿರು ಗದ್ದೆಗೊರವ ಮತ್ತು ಅಡವಿ ಗದ್ದೆಗೊರವಗಳ ನಡುವೆ. ಎರಡಕ್ಕೂ ಬಾಲದ ಬುಡ ಬಿಳಿ, ಎರಡರ ಬೆನ್ನ ಮೇಲೂ ಚುಕ್ಕೆ. ಹೆಸರಿನಲ್ಲಿ ಹಸಿರಿದ್ದರೂ ದೂರದಿಂದ ಮೈ ಕಡುಗಂದಾಗಿಯೇ ಕಾಣುತ್ತದೆ, ಕಾಲು ಬೂದು ಬೆರೆತ ಹಸಿರು. ಅಡವಿ ಗದ್ದೆಗೊರವದ ಕಾಲು ಹಳದಿಯತ್ತ.

ಒಂದು ಜನವರಿಯ ಮಧ್ಯಾಹ್ನ ಬಿಸಿಲಿನ ಝಳದಲ್ಲಿ ಒಟ್ಟಿಗೆ ಮೇಯುತ್ತಿದ್ದ ಏಳು ಹಕ್ಕಿಗಳ ಕಾಲು ಕಪ್ಪಗೆ ಕಂಡದ್ದರಿಂದ, ‘ಹಸಿರು ಗದ್ದೆಗೊರವ, 7’ ಎಂದು ಆನ್‌ಲೈನ್ ಪಟ್ಟಿಗೆ ಸೇರಿಸಿದೆ. ಪಟ್ಟಿ ಪರಿಶೀಲಿಸುವವರು ಒಂದೇ ಸಾಲಿನಲ್ಲಿ ಕೇಳಿದರು: ಏಳೂ ಒಟ್ಟಿಗೇ ಇದ್ದವೇ? ಹಸಿರು ಗದ್ದೆಗೊರವ ಸಾಮಾನ್ಯವಾಗಿ ಒಂಟಿಯಾಗಿರುವ ಹಕ್ಕಿಯೆಂಬುದನ್ನು ನಾನು ಓದಿದ್ದೆ, ಆದರೆ ಬರೆಯುವಾಗ ನೆನಪಿಗೆ ಬಂದಿರಲಿಲ್ಲ.

ಮುಂದಿನ ಭಾನುವಾರ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಕುಳಿತೆ. ಸುಮಾರು ಅರ್ಧ ಗಂಟೆಯ ನಂತರ ಗುಂಪಿನ ಒಂದು ಹಕ್ಕಿ ಕೆಸರು ಬಿಟ್ಟು ತಿಳಿನೀರಿಗೆ ಇಳಿಯಿತು. ನಾಲ್ಕು ಹೆಜ್ಜೆ ನಡೆದು ಕಲ್ಲೊಂದನ್ನು ಹತ್ತಿದಾಗ ಅದರ ಒಂದು ಕಾಲು ಹಳದಿಯಾಗಿತ್ತು, ಇನ್ನೊಂದಕ್ಕೆ ಮಂಡಿಯವರೆಗೆ ಕರಿ ಕೆಸರು ಮೆತ್ತಿಕೊಂಡೇ ಇತ್ತು. ಆಮೇಲೆ ಮುಖ ನೋಡಿದೆ: ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೂ ಹರಿದಿತ್ತು. ಹಸಿರು ಗದ್ದೆಗೊರವದಲ್ಲಿ ಅದು ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ, ಕಣ್ಣಿನ ಸುತ್ತ ಬಿಳಿ ಉಂಗುರ ಮಾತ್ರ ಎದ್ದು ಕಾಣುತ್ತದೆ. ಬೆನ್ನಿನ ಚುಕ್ಕೆಗಳೂ ಅಡವಿ ಗದ್ದೆಗೊರವದಲ್ಲಿ ದೊಡ್ಡವು, ಹಸಿರು ಗದ್ದೆಗೊರವದಲ್ಲಿ ಸಾಸಿವೆಯಷ್ಟು. ಆದರೆ ಗರಿ ಸವೆದ ಹಕ್ಕಿಗಳಲ್ಲಿ ಈ ವ್ಯತ್ಯಾಸವನ್ನು ನಂಬಿಕೊಳ್ಳುವಂತಿಲ್ಲ.

ಅಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, ನಾನು ಹುಡುಕುವುದೇನೆಂದು ವಿಚಾರಿಸಿ, “ಒಂಟಿ ಹಕ್ಕೀನಾ ಸ್ವಾಮಿ? ಅದು ತೂಬಿನ ಕೆಳಗಿನ ಕಾಲ್ವೇಲಿ ಇರ್ತದೆ, ಹತ್ರ ಹೋದ್ರೆ ಕಿರುಚ್ಕೊಂಡು ಹೋಯ್ತದೆ” ಎಂದರು. ಹಕ್ಕಿಯ ಹೆಸರು ಅವರಿಗೆ ಬೇಕಿರಲಿಲ್ಲ, ನನಗೆ ಬೇಕಾದ ವಿಷಯವೆಲ್ಲ ಆ ಮಾತಿನಲ್ಲಿತ್ತು. ಕಾಲುವೆಯ ಅಂಚಿನಲ್ಲಿ ನಡೆದು ಹೋದಂತೆ, ನಾನು ಕಾಣುವ ಮೊದಲೇ ನನ್ನನ್ನು ಕಂಡಿದ್ದ ಅದು ‘ಟ್ಲೂಈಟ್, ವೀಟ್-ವೀಟ್’ ಎಂದು ಗಂಟೆಯಂತೆ ಕೂಗಿ ಮೇಲೆದ್ದಿತು. ರೆಕ್ಕೆಯಡಿ ಬಹುತೇಕ ಕಪ್ಪು, ಬಾಲದ ಬುಡ ಬೆಳ್ಳಗೆ. ಹಿಂತಿರುಗುವಾಗ ಕೆರೆಯಂಚಿನ ಗುಂಪು ಚದುರಿ ಎದ್ದಾಗ ಕೇಳಿದ್ದು ಬೇರೆಯೇ ಸದ್ದು, ಸಣ್ಣಗಿನ ಅವಸರದ ‘ಚಿಪ್-ಇಪ್-ಇಪ್’. ಅವುಗಳ ರೆಕ್ಕೆಯಡಿ ಮಾಸಲು ಬಿಳುಪು, ಪಾದಗಳು ಬಾಲದಾಚೆಗೆ ಚಾಚಿಕೊಂಡಿದ್ದವು. ಅಂದಿನಿಂದ ನಾನು ಕಾಲಿನ ಬಣ್ಣವನ್ನು ಕೊನೆಗೆ ನೋಡುತ್ತೇನೆ. ಹಾಗೆಂದು ಹಕ್ಕಿ ಹಾರಲೆಂದು ಕಲ್ಲೆಸೆಯುವ ಛಾಯಾಗ್ರಾಹಕರ ರೀತಿ ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ಕಾದರೆ ಯಾವುದೋ ಗಿಡುಗ ಬಂದು ಆ ಕೆಲಸ ಮಾಡುತ್ತದೆ.

ಏಳನ್ನೂ ಅಡವಿ ಗದ್ದೆಗೊರವ ಎಂದು ತಿದ್ದಿದೆ. ಕೂಗನ್ನಾಗಲಿ ರೆಕ್ಕೆಯಡಿಯನ್ನಾಗಲಿ ಗುರುತು ಹಾಕಿಕೊಳ್ಳದಿದ್ದ ಹಿಂದಿನ ಎರಡು ದಾಖಲೆಗಳಿಂದ ಹಕ್ಕಿಯ ಜಾತಿಯನ್ನೇ ತೆಗೆದುಹಾಕಿದೆ. ಮುಂದಿನ ಸೆಪ್ಟೆಂಬರಿನಲ್ಲಿ ಅದೇ ತೂಬಿನ ಕೆಳಗೆ ಒಂಟಿ ಹಸಿರು ಗದ್ದೆಗೊರವವೊಂದು ಸಿಕ್ಕಿತು. ಹಿಂದಿನ ಚಳಿಗಾಲದ್ದೇ ಎನ್ನಲು ಅದರ ಕಾಲಿನಲ್ಲಿ ಗುರುತಿನ ಉಂಗುರವಿರಲಿಲ್ಲ.