ಅಂಟಾರ್ಕ್ಟಿಕಾಗೆ ಹೊರಡೋ ಮುಂಚೆ ಜೇಬು ಕೊಡವಿ

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ನನ್ನ ಕೆಲಸ ಲಾಜಿಸ್ಟಿಕ್ಸ್. ಸಾಮಾನು ಇಳಿಸಿಕೊಳ್ಳುವುದು, ಇಂಧನದ ಲೆಕ್ಕ ನೋಡುವುದು, ಕಸ ವಾಪಸ್ ಕಳಿಸುವುದು. ಅಂಟಾರ್ಕ್ಟಿಕಾದ ಪರಿಸರ ಕಾಪಾಡುವುದು ಅಂದ ತಕ್ಷಣ ಜನರಿಗೆ ಪೆಂಗ್ವಿನ್ ನೆನಪಾಗುತ್ತದೆ. ನನಗೆ ನೆನಪಾಗುವುದು ವ್ಯಾಕ್ಯೂಮ್ ಕ್ಲೀನರ್, ಚಿಮುಟ ಮತ್ತು ಡ್ರಮ್ಮು.

ಆ ಖಂಡದಲ್ಲಿ ಹಿಮ ಮುಚ್ಚದ ನೆಲ ನೂರಕ್ಕೆ ಒಂದು ಪಾಲೂ ಇಲ್ಲ. ಹಾವಸೆ, ಕಲ್ಲುಹೂವು, ಗೂಡು ಕಟ್ಟುವ ಹಕ್ಕಿ ಎಲ್ಲಕ್ಕೂ ಬೇಕಾಗಿರುವುದು ಆ ಚೂರು ನೆಲವೇ. ಕೇಂದ್ರ ಕಟ್ಟಲು ನಮಗೂ ಅದೇ ಬೇಕು. 1989ರಿಂದ ಮೈತ್ರಿ ನಿಂತಿರುವುದು ಶಿರ್ಮಾಕರ್ ಓಯಸಿಸ್‌ನಲ್ಲಿ. ಸುಮಾರು 35 ಚದರ ಕಿಲೋಮೀಟರ್ ಬಂಡೆ, ನಡುನಡುವೆ ನೂರಕ್ಕೂ ಹೆಚ್ಚು ಕೆರೆ, ಹೊಂಡ. ನಾವು ಕುಡಿಯುವ ನೀರು ಪಕ್ಕದ ಪ್ರಿಯದರ್ಶಿನಿ ಕೆರೆಯದ್ದು. "ನಾವೇನು ಪ್ರವಾಸಿಗರಾ? ವಿಜ್ಞಾನಕ್ಕೆ ಬಂದವರು" ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ.

ಇದಕ್ಕೆ ಆಧಾರವೂ ಇದೆ. 2007-08ರ ಬೇಸಿಗೆಯಲ್ಲಿ ಅಲ್ಲಿಗೆ ಹೋದವರ ಬಟ್ಟೆ, ಬೂಟು, ಬ್ಯಾಗುಗಳನ್ನು ಸಂಶೋಧಕರು ಜಾಲಾಡಿದರು. ಸರಾಸರಿ ಒಬ್ಬರ ಮೇಲೆ 9.5 ಬೀಜ ಸಿಕ್ಕಿತು. ಹೊರಗೆ ತಿರುಗಿ ಕೆಲಸ ಮಾಡುವ ವಿಜ್ಞಾನಿಗಳು ತಲೆಗಿಷ್ಟು ಅಂತ ನೋಡಿದರೆ ಪ್ರವಾಸಿಗರಿಗಿಂತ ಜಾಸ್ತಿ ಹೊತ್ತಿದ್ದರು!

ನಮ್ಮೂರ ಉತ್ತರಾಣಿ ಬೀಜ ಪ್ಯಾಂಟಿಗೆ ಅಂಟಿಕೊಂಡು ಅಲ್ಲಿಗೆ ಹೋದರೂ ಬದುಕಲಾರದು. ನನಗೆ ಭಯ ಇರುವುದು ಔಲಿಯ ಬಗ್ಗೆ. ಅಂಟಾರ್ಕ್ಟಿಕಾ ಯಾತ್ರೆಗೆ ಮುಂಚೆ ತಂಡದವರಿಗೆ ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿಯವರು (ಭಾರತ-ಟಿಬೆಟ್ ಗಡಿ ಪೊಲೀಸರು) ಹಿಮದಲ್ಲಿ ನಡೆಯುವ ತರಬೇತಿ ಕೊಡುತ್ತಾರೆ. ಅಲ್ಲಿ ತೊಟ್ಟ ಸ್ವಂತ ಬೂಟು, ಅಲ್ಲಿ ನೆಲಕ್ಕಿಟ್ಟ ಕ್ಯಾಮೆರಾ ಬ್ಯಾಗು ಹಾಗೇ ದಕ್ಷಿಣಕ್ಕೆ ಬಂದರೆ ಚಳಿಗೆ ಒಗ್ಗಿದ ಬೀಜವೇ ಬಂದ ಹಾಗಾಯಿತಲ್ವಾ? ಅಂಟಾರ್ಕ್ಟಿಕಾದ ಕಿಂಗ್ ಜಾರ್ಜ್ ದ್ವೀಪದಲ್ಲಿರುವ ಪೋಲೆಂಡ್ ಕೇಂದ್ರ ಆರ್ಕ್ಟೋವ್‌ಸ್ಕಿಯ ಹತ್ತಿರ 1985-86ರಲ್ಲಿ ಪೋವಾ ಆನ್ಯುವಾ ಎಂಬ ಹುಲ್ಲು ಕಾಣಿಸಿಕೊಂಡಿತು. ಎಲ್ಲೆಡೆ ಬೆಳೆಯುವ ಸಾದಾ ಹುಲ್ಲು. ಆಮೇಲೆ ಅದನ್ನು ಕಿತ್ತು ಕಿತ್ತು ಸಾಕಾಯಿತು.

ಹಾಗಾಗಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಅಂಟಾರ್ಕ್ಟಿಕಾಗೆ ಹೊರಡುವ ಮುಂಚೆ ಎಲ್ಲರ ಜೇಬೂ ಹೊರಮಗ್ಗಲಾಗಬೇಕು. ಮೊದಲು ಜೇಬಿನ ಮೂಲೆ, ಪ್ಯಾಂಟಿನ ಮಡಿಕೆ, ಬ್ಯಾಗಿನ ಹೊಲಿಗೆಗೆ ವ್ಯಾಕ್ಯೂಮ್ ಹಿಡಿಯುತ್ತೇವೆ. ಎಲ್ಲಕ್ಕಿಂತ ಕಷ್ಟದ್ದು ವೆಲ್ಕ್ರೋ. ಅದರ ಕೊಕ್ಕೆಗಳ ನಡುವೆ ಸಿಕ್ಕಿದ ಹುಲ್ಲಿನ ಮುಳ್ಳು ವ್ಯಾಕ್ಯೂಮಿಗೆ ಬರುವುದಿಲ್ಲ. ಟಾರ್ಚ್ ಹಿಡಿದು, ಚಿಮುಟದಲ್ಲಿ ಒಂದೊಂದೇ ಕೀಳಬೇಕು. ಬೂಟಿನ ಅಡಿಯ ಗೆರೆಗಳನ್ನು ಸೂಜಿಯಿಂದ ಕೆರೆದು, ಬ್ರಷ್ ಹಾಕಿ, ಕೊನೆಗೆ ಸೋಂಕುನಿವಾರಕ ಬೆರೆಸಿದ ನೀರಲ್ಲಿ ಅದ್ದಬೇಕು. ಟ್ರೈಪಾಡಿನ ಕಾಲು ಮರೆಯುವವರೇ ಜಾಸ್ತಿ. ಹಿರಿಯ ಪ್ರೊಫೆಸರ್ ಒಬ್ಬರು "ಏನಪ್ಪಾ, ವಿಮಾನ ನಿಲ್ದಾಣದಲ್ಲೂ ಇಷ್ಟು ತಪಾಸಣೆ ಇಲ್ಲ" ಅಂದರು. "ಇಲ್ಲ ಸರ್, ಇಲ್ಲಿ ಇದೆ" ಅಂದೆ. ಅವರ ಟೋಪಿಯ ಅಂಚಿನಲ್ಲೇ ನಾಲ್ಕು ಬೀಜ ಸಿಕ್ಕಿದವು.

ಥರ್ಮಾಕೋಲ್‌ದು ಇನ್ನೊಂದು ಕಥೆ. ಅಂಟಾರ್ಕ್ಟಿಕಾದ ಪರಿಸರ ಕಾಪಾಡಲು ದೇಶಗಳು ಮಾಡಿಕೊಂಡ 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಪ್ಯಾಕಿಂಗಿನ ಥರ್ಮಾಕೋಲ್ ಕಾಳು, ಕೀಟನಾಶಕ, ಶುದ್ಧೀಕರಿಸದ ಮಣ್ಣು ಅಲ್ಲಿಗೆ ಒಯ್ಯುವಂತಿಲ್ಲ. ಆದರೆ ಉಪಕರಣ ಕಳಿಸುವವರು ಥರ್ಮಾಕೋಲ್ ಇಲ್ಲದೆ ಪ್ಯಾಕ್ ಮಾಡುವುದೇ ಇಲ್ಲ. ಕಾಳಲ್ಲ, ದಿಮ್ಮಿ ಅಂತ ವಾದ ಮಾಡುತ್ತಾರೆ. ದಿಮ್ಮಿ ಮುರಿದರೆ ಕಾಳೇ ತಾನೆ? ಅಲ್ಲಿನ ಗಾಳಿಗೆ ಒಮ್ಮೆ ಸಿಕ್ಕರೆ ಮತ್ತೆ ಆರಿಸಲು ಆಗದು. ಹಾಗಾಗಿ ಸಾಮಾನು ಸಾಗಿಸುವ ಮುಂಚೆ ಗೋವಾದಲ್ಲೇ ಪೆಟ್ಟಿಗೆ ಬಿಚ್ಚಿ, ರಟ್ಟು, ಹಳೇ ಕಂಬಳಿ ತುರುಕಿ ಮತ್ತೆ ಕಟ್ಟುತ್ತೇವೆ.

ಕೇಂದ್ರದಲ್ಲಿ ನಾನು ಅತಿ ಹೆಚ್ಚು ಜಗಳ ಆಡುವುದು ಅಡುಗೆಮನೆಯಲ್ಲಿ. ಬೇಸಿಗೆಯಲ್ಲಿ ಶಿರ್ಮಾಕರ್‌ನಲ್ಲಿ ಸ್ಕುವಾ ಹಕ್ಕಿ ಗೂಡು ಕಟ್ಟುತ್ತದೆ. ಕಂದು ಬಣ್ಣ, ಕೊಕ್ಕೆ ಮೂತಿ, ಭಲೇ ಧೈರ್ಯ. ಅಡುಗೆಮನೆ ಬಾಗಿಲು ತೆರೆದ ಸದ್ದಿಗೆ ಬಂದು ಎದುರಿನ ಬಂಡೆ ಮೇಲೆ ಕೂರುತ್ತದೆ, ಬಕೆಟ್ ಯಾರ ಕೈಲಿದೆ ಅಂತ ನೋಡುತ್ತದೆ. ಪಾಪ ಅಂತ ಒಂದು ಕೋಳಿಮೂಳೆ ಎಸೆಯೋಣ ಅನ್ನಿಸುವುದು ಸಹಜ. ಅದೇ ಬೇಡದ್ದು. ತಿಂದು ಉಳಿದ ಕೋಳಿ ಚೂರನ್ನು ವಾಪಸ್ ತರಬೇಕು, ಇಲ್ಲವೇ ಸುಡಬೇಕು ಅಂತಲೇ ನಿಯಮ ಇದೆ, ಕೋಳಿರೋಗ ಅಲ್ಲಿನ ಹಕ್ಕಿಗೆ ಹರಡದಿರಲಿ ಅಂತ. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದಲ್ಲಿ ಹಕ್ಕಿಜ್ವರ ಖಚಿತವಾಗಿದ್ದು ಸತ್ತ ಸ್ಕುವಾಗಳಲ್ಲೇ. ಅದು ಕಾಡುಹಕ್ಕಿಗಳ ಮೂಲಕ ಬಂದದ್ದು, ಅಡುಗೆಮನೆಯಿಂದಲ್ಲ. ಆದರೂ ಅದಾದ ಮೇಲೆ ನನ್ನ ಜೊತೆ ವಾದ ಮಾಡುವವರು ಕಮ್ಮಿಯಾದರು. ಮೂಳೆ ಬಕೆಟ್ಟಿಗೆ ಬಿಗಿ ಮುಚ್ಚಳ, ಅಲ್ಲಿಂದ ನೇರ ಕಸ ಸುಡುವ ಒಲೆಗೆ. ಸುಟ್ಟ ಬೂದಿ ಕೂಡ ಡ್ರಮ್ಮಿಗೆ.

ಹೊರಗೆ ನಡೆಯುವಾಗ ಹೊಸಬರಿಗೆ ನಾನು ತೋರಿಸುವುದು ಹಾವಸೆ. ಹಸಿರಾಗಿದ್ದರೆ ಎಲ್ಲರೂ ಹುಷಾರಾಗಿರುತ್ತಾರೆ. ಒಣಗಿದಾಗ ಅದು ಸೀದ ಪಾತ್ರೆಯ ತಳದಂತೆ ಕಪ್ಪಗೆ ನೆಲಕ್ಕಂಟಿರುತ್ತದೆ. ಮಣ್ಣು ಅಂದುಕೊಂಡು ಕಾಲಿಡುತ್ತಾರೆ. ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವ ಜೀವ ಅದು, ಒಂದು ಹೆಜ್ಜೆಗುರುತು ಎಷ್ಟೋ ವರ್ಷ ಉಳಿಯುತ್ತದೆ. ಬಂಡೆ ಮೇಲೆ ಅಥವಾ ಹಿಮದ ಮೇಲೆ ನಡೆಯಿರಿ, ಸುತ್ತು ದಾರಿಯಾದರೂ ಪರವಾಗಿಲ್ಲ ಅನ್ನುತ್ತೇನೆ. ಡ್ರಮ್ಮಿಂದ ಇಂಧನ ಎಳೆಯುವಾಗ ಕೆಳಗೆ ಟ್ರೇ, ಪಕ್ಕದಲ್ಲಿ ಎಣ್ಣೆ ಹೀರುವ ಹಾಳೆ ಇರಲೇಬೇಕು. ಆ ಚಳಿಯಲ್ಲಿ ಚೆಲ್ಲಿದ ಎಣ್ಣೆ ಬೇಗ ಕರಗಿಹೋಗುವುದಿಲ್ಲ.

ಪ್ರವಾಸಿಗರ ಬಗ್ಗೆಯೂ ಕೇಳುತ್ತಾರೆ. ಈಗ ಬೇಸಿಗೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ, ಬಹುತೇಕ ಪರ್ಯಾಯ ದ್ವೀಪದ ಕಡೆಗೆ. ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಮಂದಿ ಇಳಿಯುವಂತಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿನಿಂದ ಯಾರೂ ಇಳಿಯುವಂತಿಲ್ಲ. ಹಕ್ಕಿಜ್ವರ ಬಂದ ಮೇಲೆ ನೆಲದ ಮೇಲೆ ಕೂರಲೂ ಬಿಡುತ್ತಿಲ್ಲ, ಬ್ಯಾಗ್ ಇಡಲೂ ಬಿಡುತ್ತಿಲ್ಲ. ಸುಮ್ನೆ ಅವರನ್ನು ಬೈಯುವುದು ಸುಲಭ. ಅವರು ಕೆಲವು ಗಂಟೆ ಇದ್ದು ಹಡಗಿಗೆ ಮರಳುತ್ತಾರೆ, ನಾವು ವರ್ಷಗಟ್ಟಲೆ ಒಂದೇ ಬಂಡೆ ಮೇಲೆ ಜನರೇಟರ್ ಓಡಿಸುತ್ತೇವೆ.

ಈಗ ಮೈತ್ರಿ-2 ಕಟ್ಟುವ ಯೋಜನೆ ಇದೆ. ಬಳಸಿ ಬಿಟ್ಟುಹೋದ ಜಾಗವನ್ನು ಬಳಸಿದವರೇ ಸ್ವಚ್ಛ ಮಾಡಬೇಕು ಅಂತ ಒಪ್ಪಂದದಲ್ಲಿದೆ. ಹಾಗಾದರೆ ಹಳೇ ಮೈತ್ರಿಯ ಗೋಡೆ, ಪೈಪು, ವೈರು, ಟ್ಯಾಂಕು ಎಲ್ಲ ಬಿಚ್ಚಿ ಹಡಗಿಗೆ ಏರಿಸಬೇಕಾಗುತ್ತದೆ. ಹೊಸ ಕಟ್ಟಡದ ಸಾಮಾನು ತಂದ ಹಡಗು ಖಾಲಿ ಮರಳುವಾಗಲೇ ಅದನ್ನೂ ತುಂಬಿಕೊಳ್ಳಲಿ, ಕಸಕ್ಕೆ ಅಂತ ಬೇರೆ ಹಡಗು ಕಾಯುತ್ತಾ ಕೂರೋದು ಬೇಡ ಅನ್ನುವುದು ನನ್ನ ವಾದ.